ಪುಸ್ತಕ ಕಂಡರೆ ಓಡುತ್ತಿದ್ದ ಮಗು: ಒಂದು ಆಪ್ತಸಲಹೆ ಪ್ರಕರಣ

ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

19 ತಿಂಗಳ ಗಂಡುಮಗುವಿನ ತಾಯಿಯೊಬ್ಬರು ನನ್ನಲ್ಲಿಗೆ ಬಂದಾಗ ಅವರ ಚೀಲದಲ್ಲಿ ಆರು ಚಿತ್ರಪುಸ್ತಕಗಳಿದ್ದವು. ಅವನ್ನು ಒಂದೊಂದಾಗಿ ಮೇಜಿನ ಮೇಲಿಡುತ್ತ, "ಮೇಡಂ, ಇವನು ಒಂದು ಪುಟ ಮುಗಿಯುವವರೆಗೂ ಕೂರುವುದಿಲ್ಲ. ನಾನು ಪುಸ್ತಕ ಕೈಗೆತ್ತಿಕೊಂಡರೆ ಸಾಕು, ಕೋಣೆ ಬಿಟ್ಟು ಓಡುತ್ತಾನೆ. ಹುಟ್ಟಿದಾಗಿನಿಂದಲೇ ಓದಿ ಹೇಳಬೇಕಿತ್ತಂತೆ, ನಾನು ತಡ ಮಾಡಿಬಿಟ್ಟೆ" ಎಂದರು. ಮಗು ಸುಮಾರು ಹತ್ತು ಮಾತು ಆಡುತ್ತಿತ್ತು, ಹೆಸರು ಹಿಡಿದು ಕರೆದರೆ ತಿರುಗುತ್ತಿತ್ತು, ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತಿತ್ತು. ಪುಸ್ತಕದ ವಿಷಯಕ್ಕೆ ಬರುವ ಮುನ್ನ ಇವನ್ನೆಲ್ಲ ಕೇಳಿಕೊಳ್ಳಲೇಬೇಕು, ಏಕೆಂದರೆ ಕಥೆಗೆ ಗಮನ ಕೊಡದ ಮಗುವಿಗೆ ಕೆಲವೊಮ್ಮೆ ಕಿವಿಯೇ ಸರಿಯಾಗಿ ಕೇಳಿಸುತ್ತಿರುವುದಿಲ್ಲ. ಶ್ರವಣ ಪರೀಕ್ಷೆ ಮಾಡಿಸಿ ತರಲು ತಿಳಿಸಿದೆ. ಅದರಲ್ಲಿ ಯಾವ ತೊಂದರೆಯೂ ಕಾಣಲಿಲ್ಲ.

ಮೊದಲ ಭೇಟಿಯಲ್ಲಿ ನನ್ನಿಂದ ಒಂದು ತಪ್ಪಾಯಿತು. ತಾಯಿ ಮಗು ಒಟ್ಟಿಗೆ ಪುಸ್ತಕ ಹಿಡಿದು ಕೂರುವುದನ್ನು ಒಮ್ಮೆಯೂ ನೋಡದೆ, ದಿನಕ್ಕೊಂದು ನಿಗದಿತ ವೇಳೆ ಇಟ್ಟುಕೊಳ್ಳಿ, ಚಿತ್ರಗಳ ಹೆಸರು ಹೇಳಿ ಎಂಬಂಥ ಸೂಚನೆಗಳನ್ನು ಕೊಟ್ಟು ಕಳುಹಿಸಿದೆ. ತಾನು ಸೋಲುತ್ತಿದ್ದೇನೆ ಎಂದು ಮೊದಲೇ ನೊಂದಿದ್ದ ಆ ತಾಯಿ ಒಂದು ನೋಟ್‌ಬುಕ್ ತೆರೆದು, ಮಗು ಎಷ್ಟು ನಿಮಿಷ ಕೂತಿತು, ಎಷ್ಟು ಚಿತ್ರ ಗುರುತಿಸಿತು ಎಂದು ದಿನವೂ ಬರೆಯತೊಡಗಿದರು. ಎರಡು ವಾರದ ನಂತರ ಅವರು ಮರಳಿ ಬಂದಾಗ ಮಗು ಪುಸ್ತಕದ ಬಣ್ಣ ಕಂಡರೂ ಅಳುವ ಹಂತ ಮುಟ್ಟಿತ್ತು.

ಆ ದಿನ ತಂದೆ, ಅಜ್ಜಿ ಇಬ್ಬರನ್ನೂ ಕರೆತರುವಂತೆ ಕೇಳಿಕೊಂಡಿದ್ದೆ. ಸಲಹೆ ನೀಡುವ ಬದಲು ಹತ್ತು ನಿಮಿಷ ಒಂದು ಮೂಲೆಯಲ್ಲಿ ಸುಮ್ಮನೆ ಕೂತು ನೋಡಿದೆ. ತಾಯಿ ಮಗುವನ್ನು ಎದುರಿಗೆ ಕೂರಿಸಿಕೊಂಡು, ಪುಸ್ತಕದ ಎರಡೂ ಅಂಚುಗಳನ್ನು ಬಿಗಿಯಾಗಿ ಹಿಡಿದು, "ಇದೇನು? ಹೇಳು, ಇದೇನು?" ಎಂದು ಕೇಳುತ್ತಲೇ ಹೋದರು. ಮಗು ಪುಟ ಮಗುಚಲು ಕೈ ಚಾಚಿದಾಗ, ವಾಕ್ಯ ಇನ್ನೂ ಮುಗಿದಿಲ್ಲವೆಂದು ಪುಟವನ್ನು ಒತ್ತಿ ಹಿಡಿದರು. ಒಂದು ಪುಟದ ಕೆಳತುದಿಯಲ್ಲಿ ಚಿತ್ರಕಾರರು ಯಾರೂ ಗಮನಿಸದಷ್ಟು ಪುಟ್ಟದಾಗಿ ಒಂದು ಇರುವೆಯನ್ನು ಬಿಡಿಸಿದ್ದರು. ಮಗು ಅದರ ಮೇಲೆ ಬೆರಳಿಟ್ಟು ತಾಯಿಯ ಮುಖ ನೋಡಿತು. "ಅದಲ್ಲ ಪುಟ್ಟಾ, ಇಲ್ಲಿ ನೋಡು" ಎಂದು ತಾಯಿ ಅವನ ಗಲ್ಲ ಹಿಡಿದು ಆನೆಯ ಕಡೆ ತಿರುಗಿಸಿದರು. ಮಗು ಎದ್ದು ಹೋಯಿತು.

ಆ ಇರುವೆಯ ಬಗ್ಗೆಯೇ ನಾವು ಬಹಳ ಹೊತ್ತು ಮಾತನಾಡಿದೆವು. ವರ್ಷ ತುಂಬುವ ಆಸುಪಾಸಿನಲ್ಲಿ ಮಕ್ಕಳು ಬೆರಳು ಮಾಡಿ ತೋರಿಸಲು ಕಲಿಯುತ್ತಾರೆ. ಅದು ಯಾವಾಗಲೂ 'ಕೊಡು' ಎಂಬ ಬೇಡಿಕೆಯಲ್ಲ, ಎಷ್ಟೋ ಸಲ 'ನಾನು ಕಂಡದ್ದನ್ನು ನೀನೂ ನೋಡು' ಎಂಬ ಕರೆ. ಟೊಮಸೆಲ್ಲೊ ಮತ್ತು ಫರಾರ್ ಎಂಬ ಸಂಶೋಧಕರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೂವರೆ ವರ್ಷದ ಆಸುಪಾಸಿನ ಮಕ್ಕಳು ತಾವು ಆಗಲೇ ನೋಡುತ್ತಿದ್ದ ವಸ್ತುವಿನ ಹೆಸರನ್ನು ಹೆಚ್ಚು ಚೆನ್ನಾಗಿ ಕಲಿತರು. ಅವರ ಗಮನವನ್ನು ಬೇರೆಡೆಗೆ ಸೆಳೆದು ಹೇಳಿದ ಹೆಸರು ಅಷ್ಟಾಗಿ ಉಳಿಯಲಿಲ್ಲ. ಹಾಗಾಗಿ ಆ ಕ್ಷಣದಲ್ಲಿ ಇಡೀ ಪುಟದಲ್ಲಿ ಆ ಮಗುವಿಗೆ ಕಲಿಸಲು ತಕ್ಕ ಪದವೊಂದಿದ್ದರೆ ಅದು 'ಇರುವೆ'.

"ಆದರೆ ಪ್ರಶ್ನೆ ಕೇಳಿ ಕೇಳಿ ಓದಬೇಕು ಎಂದು ನಾನೇ ಓದಿದ್ದೇನಲ್ಲ ಮೇಡಂ?" ಎಂದು ತಾಯಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ವಿವರಿಸಿದ ಸಂವಾದದ ಓದಿನಲ್ಲಿ ಪ್ರಶ್ನೆಗಳಿಗೆ ನಿಜಕ್ಕೂ ದೊಡ್ಡ ಸ್ಥಾನವಿದೆ. ಆದರೆ ಅಲ್ಲಿ ಪ್ರಶ್ನೆಯ ಉದ್ದೇಶ ಮಗು ಮೆಲ್ಲಗೆ ತಾನೇ ಕಥೆ ಹೇಳುವಂತಾಗುವುದು. ಮಗು ಒಂದು ಮಾತು ಆಡಿದರೆ ದೊಡ್ಡವರು ಅದಕ್ಕೆ ಇನ್ನೆರಡು ಮಾತು ಸೇರಿಸಿ ಹಿಂದಿರುಗಿಸುತ್ತಾರೆ. ಉತ್ತರ ಗೊತ್ತಿದ್ದೂ ಕೇಳುವ 'ಇದೇನು' ಮೇಲಿಂದ ಮೇಲೆ ಬಂದರೆ ಮಗುವಿಗೆ ಅದು ಪರೀಕ್ಷೆಯಾಗಿಯೇ ತೋರುತ್ತದೆ. ಆದ್ದರಿಂದ ಸದ್ಯಕ್ಕೆ ಪ್ರಶ್ನೆಗಳನ್ನು ಪೂರ್ತಿ ಬದಿಗಿಡಿ, ಮಗುವನ್ನು ಎದುರಿಗೆ ಕೂರಿಸದೆ ತೊಡೆಯ ಮೇಲೆ ಕೂರಿಸಿಕೊಳ್ಳಿ, ಪುಟ ಮಗುಚುವ ಕೆಲಸವನ್ನು ಅವನಿಗೇ ಬಿಡಿ, ಅವನು ಬೆರಳಿಟ್ಟದ್ದನ್ನು ಮಾತ್ರ ಹೆಸರಿಸಿ, ಎದ್ದು ಹೋದರೆ ಪುಸ್ತಕ ಮುಚ್ಚಿಬಿಡಿ ಎಂದು ಹೇಳಿದೆ. ನಿಮಿಷದ ಲೆಕ್ಕದ ನೋಟ್‌ಬುಕ್ಕನ್ನು ನಿಲ್ಲಿಸಲು ಬೇಡಿಕೊಂಡೆ.

ತಡವಾಯಿತೆಂಬ ಅವರ ಕೊರಗಿಗೂ ಉತ್ತರ ಹೇಳಬೇಕಿತ್ತು. ಶೈಶವದಿಂದಲೇ ಓದಿ ಹೇಳುವಂತೆ ಪೋಷಕರನ್ನು ಪ್ರೋತ್ಸಾಹಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ತನ್ನ ಸದಸ್ಯರಿಗೆ ಹೇಳಿದ್ದು ನಿಜ. ಆದರೆ 20ರಿಂದ 30 ಸೆಂಟಿಮೀಟರಿನಷ್ಟು ಹತ್ತಿರದಲ್ಲಿದ್ದುದನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲ ಹಸುಗೂಸಿಗೆ ಪುಸ್ತಕದಿಂದ ಸಿಗುವುದು ಮುಖ್ಯವಾಗಿ ಅಮ್ಮನ ದನಿ ಮತ್ತು ಮಡಿಲು. ಈ ತಾಯಿ ಸ್ನಾನ ಮಾಡಿಸುವಾಗ, ಮಲಗಿಸುವಾಗ ಹಾಡಿದ ಜೋಗುಳ, ಆಡಿದ ಮಾತು ಅದನ್ನು ಆಗಲೇ ಕೊಟ್ಟಿದ್ದವು.

ಅಜ್ಜಿಯ ದೂರು ಮಗು ಪುಸ್ತಕ ಹರಿಯುತ್ತದೆ ಎಂಬುದಾಗಿತ್ತು. ಅದಕ್ಕಾಗಿ ಅವರು ಪುಸ್ತಕಗಳನ್ನು ಮಗುವಿಗೆ ಎಟುಕದಷ್ಟು ಎತ್ತರದಲ್ಲಿಟ್ಟಿದ್ದರು. ದಪ್ಪ ರಟ್ಟಿನ ಎರಡು ಮೂರು ಪುಸ್ತಕಗಳನ್ನು ಕೆಳಗೆ ಬುಟ್ಟಿಯಲ್ಲಿಡಿ, ಹರಿದುದನ್ನು ಮಗುವಿನ ಜೊತೆ ಕೂತೇ ಅಂಟಿಸಿ ಎಂದಾಗ ಅವರು ಕೂಡಲೇ ಒಪ್ಪಿದರು. ಕಥೆಗೆ ಬದಲಾಗಿ ಮೊಬೈಲಿನಲ್ಲಿ ಹಚ್ಚಿಡುತ್ತಿದ್ದ ವೀಡಿಯೊಗಳನ್ನು ನಿಲ್ಲಿಸಲು ಸೂಚಿಸಿದೆ; ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದೆಂದೂ, ಕೂತಿರುವ ಹೊತ್ತಿನಲ್ಲಿ ಹಿರಿಯರೊಡನೆ ಓದು ಮತ್ತು ಕಥೆ ಇರಲಿ ಎಂದೂ ಹೇಳುತ್ತದೆ.

ತಂದೆ ಅಷ್ಟು ಹೊತ್ತೂ ಬಾಗಿಲ ಬಳಿಯೇ ನಿಂತಿದ್ದರು. "ಓದುವುದೆಲ್ಲ ಅವಳದ್ದೇ" ಎಂದಷ್ಟೇ ಅಂದರು. ಪ್ರತ್ಯೇಕವಾಗಿ ಕೂತು ಮಾತನಾಡಿದಾಗ ಗೊತ್ತಾದದ್ದು, ಅವರು ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟವರು, ಅಕ್ಷರ ಕೂಡಿಸಿ ಕೂಡಿಸಿ ಓದುವವರು, ಹೆಂಡತಿಯ ಮುಂದೆ ತಡವರಿಸಿದರೆ ಮರ್ಯಾದೆ ಹೋಗುತ್ತದೆಂದು ಪುಸ್ತಕವನ್ನೇ ಮುಟ್ಟದೆ ಉಳಿದವರು. ನಾಳೆ ಮಗನಿಗೂ ಇದು ತಿಳಿಯುತ್ತದಲ್ಲ ಎನ್ನುವಾಗ ಅವರ ದನಿ ಕುಗ್ಗಿತು. ಇಂಥ ಸಂಕೋಚವನ್ನು ಉದಾಸೀನವೆಂದು ಎಷ್ಟೋ ಮನೆಗಳು ತಪ್ಪಾಗಿ ತಿಳಿಯುತ್ತವೆ. ನಾನೂ ಆ ದಿನ ಹಾಗೆಯೇ ಊಹಿಸಿದ್ದೆ. 19 ತಿಂಗಳ ಮಗು ಅಕ್ಷರವನ್ನು ನೋಡುವುದಿಲ್ಲ, ಚಿತ್ರವನ್ನು ಮತ್ತು ಅಪ್ಪನ ಮುಖವನ್ನು ನೋಡುತ್ತದೆ ಎಂದು ಅವರಿಗೆ ವಿವರಿಸಿ, ಪದಗಳೇ ಇಲ್ಲದ ಒಂದು ಚಿತ್ರಪುಸ್ತಕವನ್ನು ಕೈಗಿತ್ತೆ. ಚಿತ್ರ ನೋಡಿ ತೋಚಿದ್ದನ್ನು ಹೇಳಿದರೂ ಅದು ಪೂರ್ಣ ಓದೇ, ಅದಕ್ಕೆ ಯಾವ ಕೊರತೆಯೂ ಇಲ್ಲ ಎಂದೆ. ಅವರು ಯಂತ್ರಗಳ ದುರಸ್ತಿ ಮಾಡುವವರು. ಲಾರಿಯ ಚಿತ್ರ ಬಂದಾಗ ಎಂಜಿನ್ ಹತ್ತುವ, ಕೆಮ್ಮುವ, ನಿಲ್ಲುವ ಸದ್ದನ್ನೆಲ್ಲ ಬಾಯಲ್ಲೇ ಮಾಡಿದರು. ಓಡಿಹೋಗಿದ್ದ ಮಗು ತಾನಾಗಿಯೇ ಬಂದು ಅವರ ಮೊಣಕಾಲಿಗೆ ಒರಗಿ ನಿಂತಿತು.

ಆರು ವಾರಗಳ ನಂತರದ ಭೇಟಿಯಲ್ಲಿ ತಾಯಿ ಮುಚ್ಚುಮರೆಯಿಲ್ಲದೆ ಹೇಳಿದರು: ದಣಿದ ದಿನ ಪುಸ್ತಕವನ್ನೇ ತೆಗೆಯುವುದಿಲ್ಲ, ಕೆಲವೊಮ್ಮೆ 'ಇದೇನು' ಬಾಯಿಗೆ ಬಂದೇಬಿಡುತ್ತದೆ. ಮಗು ಈಗ ಮೂರು ನಾಲ್ಕು ನಿಮಿಷ ಕೂರುತ್ತದೆ, ಎದ್ದು ಹೋಗುತ್ತದೆ, ಮರಳಿ ಬರುತ್ತದೆ. ಲಾರಿಯ ಪುಸ್ತಕವನ್ನೇ ಮತ್ತೆ ಮತ್ತೆ ತರುವುದು ಅವರ ಹೊಸ ಚಿಂತೆಯಾಗಿತ್ತು. ಜೆಸ್ಸಿಕಾ ಹೋರ್ಸ್ಟ್ ಮತ್ತು ಸಂಗಡಿಗರ 2011ರ ಅಧ್ಯಯನದಲ್ಲಿ, ಹೊಸ ಪದಗಳನ್ನು ಒಂದೇ ಕಥೆಯಲ್ಲಿ ಮರಳಿ ಮರಳಿ ಕೇಳಿದ ಮೂರು ವರ್ಷದ ಮಕ್ಕಳು ಅವೇ ಪದಗಳನ್ನು ಬೇರೆ ಬೇರೆ ಕಥೆಗಳಲ್ಲಿ ಕೇಳಿದವರಿಗಿಂತ ಚೆನ್ನಾಗಿ ಕಲಿತಿದ್ದನ್ನು ತಿಳಿಸಿ, ಅವನಿಗೆ ಬೇಸರವಾಗುವವರೆಗೆ ಅದನ್ನೇ ಓದಿ ಎಂದೆ.

ಎರಡು ವರ್ಷ ತುಂಬಿದಾಗ ಮತ್ತೆ ಕರೆತರಲು ಹೇಳಿದ್ದೇನೆ. ಅಷ್ಟರೊಳಗೆ ಮಗು ಎರಡು ಪದ ಜೋಡಿಸಿ ಮಾತನಾಡದಿದ್ದರೆ ವಾಕ್ ಮತ್ತು ಶ್ರವಣ ತಜ್ಞರನ್ನು ಕಾಣಬೇಕು. ಹೇಗೂ ಪುಸ್ತಕ ಓದುತ್ತಿದ್ದೇವಲ್ಲ ಎಂದು ಅದನ್ನು ಮುಂದೂಡಬಾರದು. ಸಾಮಾನ್ಯವಾಗಿ ಇಂಥ ಸೂಚನೆಯನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ. ಈ ಸಲ ತಂದೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸಲ ಬಾಯಿಮಾತಿನಲ್ಲಿ ಹೇಳಿದೆ.