ಹಳೇ ಡಾಂಬರನ್ನೇ ಮತ್ತೆ ಹಾಕಿದರೆ ಹೆದ್ದಾರಿ ಬಾಳಿಕೆ ಬರುತ್ತದಾ?

ಬರುತ್ತದೆ, ಕೆಲಸ ಸರಿಯಾಗಿ ಮಾಡಿದರೆ. ಡಾಂಬರು ಪದರದ ತೂಕದಲ್ಲಿ ಸುಮಾರು 95% ಜಲ್ಲಿ, ಮರಳೇ. ಅದನ್ನು ಹಿಡಿದಿಡುವ ಬಿಟುಮೆನ್ ಬರೀ 5%ರಷ್ಟು. ಯಂತ್ರ ಮೇಲ್ಪದರ ಕೆರೆದಾಗ ಸಿಗುವ ಜಲ್ಲಿ ಬಹುಪಾಲು ಚೆನ್ನಾಗಿಯೇ ಇರುತ್ತದೆ. ಕೆಡುವುದು ಬಿಟುಮೆನ್. ವರ್ಷಗಟ್ಟಲೆ ಗಾಳಿ, ಬಿಸಿಲಿಗೆ ಅದು ಗಡುಸಾಗಿರುತ್ತದೆ. ಅದಕ್ಕೇ ಮೆದು ಬಿಟುಮೆನ್ ಅಥವಾ ಅದನ್ನು ಮೆದುವಾಗಿಸುವ ಎಣ್ಣೆ ಬೆರೆಸುತ್ತಾರೆ. ಅದಿಲ್ಲದೆ ಸುಮ್ನೆ ಹಳೇದನ್ನೇ ಜಾಸ್ತಿ ಸುರಿದರೆ ಬೇಗ ಬಿರುಕು ಬಿಡುತ್ತದೆ.

ನನ್ನ ಪ್ರಕಾರ ನಿಜವಾದ ತೊಡಕು ಟೆಂಡರ್. ಯಾವ ಜಲ್ಲಿ, ಎಷ್ಟು ದಪ್ಪ ಅಂತ ಎಲ್ಲ ಮೊದಲೇ ಬರೆದಿಟ್ಟು, ಕಡಿಮೆ ಬೆಲೆ ಹೇಳಿದವರಿಗೆ ಕೆಲಸ ಕೊಟ್ಟರೆ ಹೊಸ ವಿಧಾನ ಯಾರು ತರುತ್ತಾರೆ, ಅಲ್ವಾ? ಇಷ್ಟು ವರ್ಷ ಗುಂಡಿ ಬೀಳಬಾರದು, ರಿಪೇರಿ ಖರ್ಚು ನಿಮ್ಮದೇ ಅಂತ ಕರಾರು ಮಾಡಿದರೆ ಗುತ್ತಿಗೆದಾರರೇ ಒಳ್ಳೆ ಮಿಶ್ರಣ ಹುಡುಕುತ್ತಾರೆ.