ಮಾರ್ಫೀನ್ ಕೋಣೆಯನ್ನು ಇಷ್ಟಪಟ್ಟ ಮೌಸ್‌ಗೆ ಚಟ ಹತ್ತಿದೆ ಅನ್ನಬಹುದೇ?

ಒಂದು ಕೋಣೆಯಲ್ಲಿ ಔಷಧ, ಇನ್ನೊಂದರಲ್ಲಿ ಬರೀ ಸಲೈನ್ ಅಂದರೆ ಉಪ್ಪುನೀರು ಚುಚ್ಚಿ, ಆಮೇಲೆ ಪ್ರಾಣಿ ಯಾವ ಕೋಣೆ ಆರಿಸುತ್ತದೆ ಎಂದು ನೋಡುವ ಪ್ಲೇಸ್ ಪ್ರಿಫರೆನ್ಸ್ ಪರೀಕ್ಷೆಯಲ್ಲಿ ನಿಮ್ಮ ಪುಟ್ಟ ಪ್ರಯೋಗದ ಇಲಿಗಳು, ಅಂದರೆ ಮೌಸ್‌ಗಳು ಮಾರ್ಫೀನ್ (ಅಫೀಮಿನಿಂದ ಬರುವ ನೋವುನಿವಾರಕ) ಕೊಟ್ಟ ಕೋಣೆಯಲ್ಲೇ ಹೆಚ್ಚು ಹೊತ್ತು ಕಳೆದಿವೆ, ಇದನ್ನು ಚಟ ಎಂದು ಬರೆಯಬಹುದೇ ಅಂತ ಕೇಳಿದ್ದೀರಿ. ಬರೆಯಬೇಡಿ. ಆ ಜಾಗಕ್ಕೂ ಔಷಧದ ಹಿತಕ್ಕೂ ನಂಟಿದೆ ಎಂದು ಪ್ರಾಣಿ ಕಲಿತಿದೆ, ಅಷ್ಟೇ. ಸೂಜಿ ಚುಚ್ಚಿದ್ದು ನೀವು, ಅದು ತಾನಾಗಿ ಕೇಳಲಿಲ್ಲ.

ಸರಿಯಾಗಿ ಮಾಡಿದರೆ ಈ ಪರೀಕ್ಷೆ ಉಪಯುಕ್ತವೇ. ಮೊದಲು ಔಷಧವಿಲ್ಲದೆ 15 ನಿಮಿಷ ಬಿಟ್ಟು ನೋಡಿ, ಬಹುಪಾಲು ಹೊತ್ತು ಒಂದೇ ಕಡೆ ಕೂರುವ ಪ್ರಾಣಿಯನ್ನು ಕೈಬಿಡಿ. ಆಮೇಲೆ ಒಂದು ದಿನ ಮಾರ್ಫೀನ್ (ಮೌಸ್‌ಗೆ ಕೆ.ಜಿ. ತೂಕಕ್ಕೆ 5–10 ಮಿ.ಗ್ರಾಂ, ಚರ್ಮದಡಿ), ಮರುದಿನ ಸಲೈನ್, ಪ್ರತಿಸಲ 30 ನಿಮಿಷ, ಹೀಗೆ ಆರೆಂಟು ದಿನ. ಅರ್ಧ ಪ್ರಾಣಿಗಳಿಗೆ ಕೋಣೆ ಅದಲುಬದಲಾಗಿರಲಿ. ಕೊನೆಯ ಪರೀಕ್ಷೆಯ ದಿನ ಮಾತ್ರ ಔಷಧ ಕೊಡಲೇಬಾರದು. ಮಾರ್ಫೀನ್ ಏರಿದ ಮೌಸ್ ಬಾಲವನ್ನು ಬೆನ್ನ ಮೇಲೆ ಸೆಟೆದು ನಿಲ್ಲಿಸಿಕೊಂಡು ಗೋಡೆಗುಂಟ ಸುತ್ತುತ್ತಲೇ ಇರುತ್ತದೆ. ಅಂಥ ಹೊತ್ತಲ್ಲಿ ಅದು ಯಾವ ಕೋಣೆಯಲ್ಲಿತ್ತು ಅನ್ನುವುದಕ್ಕೆ ಅರ್ಥವಿಲ್ಲ. ನಲೋಕ್ಸೋನ್ (ಮಾರ್ಫೀನ್ ಪರಿಣಾಮವನ್ನು ತಡೆಯುವ ಔಷಧ) ಕೊಟ್ಟಾಗ ಮೌಸ್ ಎಗರಾಡಿದರೆ ಅದು ದೈಹಿಕ ಅವಲಂಬನೆ, ಅದೂ ಚಟವಲ್ಲ.

ಚಟದ ಮಾತೆತ್ತಬೇಕಾದರೆ ಪ್ರಾಣಿ ತಾನೇ ದುಡಿದು ಔಷಧ ಪಡೆಯಬೇಕು. ಓಡಾಡಿಕೊಂಡಿರುವ, ಮೌಸ್‌ಗಿಂತ ದೊಡ್ಡ ಇಲಿಯಾದ ರ್‍ಯಾಟ್ ಮಾರ್ಫೀನನ್ನು ತಾನೇ ರಕ್ತನಾಳಕ್ಕೆ ಹಾಕಿಕೊಳ್ಳುವ ವಿಧಾನವನ್ನು 1962ರಲ್ಲೇ ಜೇಮ್ಸ್ ವೀಕ್ಸ್ ಪ್ರಕಟಿಸಿದ್ದರು. ನೀವು ಮಾಡುವಾಗ ಕತ್ತಿನ ರಕ್ತನಾಳಕ್ಕೆ ಕ್ಯಾತಿಟರ್ (ಔಷಧ ಹಾಯಿಸುವ ಸಣ್ಣ ಕೊಳವೆ), ಪೆಟ್ಟಿಗೆಯಲ್ಲಿ ಎರಡು ಲಿವರ್ (ಒತ್ತುವ ಹಿಡಿ). ಒಂದು ಒತ್ತಿದರೆ ಹೆರಾಯಿನ್ (ಪ್ರತಿ ಡೋಸ್‌ಗೆ ಕೆ.ಜಿ.ಗೆ 0.05 ಮಿ.ಗ್ರಾಂ ಆಸುಪಾಸು), ಇನ್ನೊಂದು ಖಾಲಿ. ಖಾಲಿ ಲಿವರ್‌ನ ಒತ್ತುಗಳೂ ಸಮಸಮ ಏರುತ್ತಿದ್ದರೆ ಅದು ಬರೀ ಚಡಪಡಿಕೆ. ಒತ್ತುವುದು ಕಲಿತ ಮೇಲೆ ಪ್ರೊಗ್ರೆಸಿವ್ ರೇಷಿಯೋ ಇಡಿ: ಒಂದೊಂದು ಡೋಸ್‌ಗೂ 1, 2, 4, 6, 9, 12, 15, 20 ಹೀಗೆ ಒತ್ತು ಏರುತ್ತಾ ಹೋಗಲಿ. ಎಲ್ಲಿ ಬಿಟ್ಟುಬಿಡುತ್ತದೋ ಅದೇ ಬ್ರೇಕ್‌ಪಾಯಿಂಟ್, ನನ್ನ ಮಟ್ಟಿಗೆ ಹಂಬಲದ ಅತಿ ನೇರ ಅಳತೆ. ದಿನಕ್ಕೆ 1 ಗಂಟೆಯ ಗುಂಪಿನ ಜೊತೆ 6 ಗಂಟೆಯ ಗುಂಪನ್ನೂ ಇಟ್ಟರೆ, ಸೇವನೆ ದಿನೇದಿನೇ ಏರುವುದು ಎರಡನೆಯದರಲ್ಲಿ ಕಾಣುತ್ತದೆ.

ಡೋಸ್ ಹೆಚ್ಚಿಸಿದಾಗ ಒತ್ತುವುದು ಕಡಿಮೆಯಾದರೆ ಆಸೆ ತಗ್ಗಿತು ಅಂದುಕೊಳ್ಳಬೇಡಿ. ಪ್ರಾಣಿಗೆ ಅಷ್ಟರಲ್ಲೇ ಸಾಕಾಗಿರುತ್ತದೆ, ಇಲ್ಲವೇ ಮಂಪರು ಹತ್ತಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಕ್ಯಾತಿಟರ್. ದಿನವೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸಲೈನ್‌ನಿಂದ ತೊಳೆಯಿರಿ. ಪ್ರಯೋಗ ಮುಗಿದಾಗ ಅದರ ಮೂಲಕವೇ ಮೆಥೊಹೆಕ್ಸಿಟಾಲ್‌ನಂಥ ಅಲ್ಪಾವಧಿ ಅರಿವಳಿಕೆ ಹಾಯಿಸಿ. ರ್‍ಯಾಟ್ ಕೆಲವೇ ಸೆಕೆಂಡಿನಲ್ಲಿ ಕೈಯಲ್ಲೇ ಮೆತ್ತಗಾಗಬೇಕು. ಆಗದಿದ್ದರೆ ಆ ಪ್ರಾಣಿಯ ಅಂಕಿಅಂಶ ತೆಗೆದುಹಾಕಿ. ಒಳಗೆ ಅಡಚಿಕೊಂಡ ಕ್ಯಾತಿಟರ್‌ನಿಂದ ಒತ್ತುವುದು ನಿಲ್ಲಿಸಿದ ರ್‍ಯಾಟ್, ಗ್ರಾಫ್‌ನಲ್ಲಿ ಚಿಕಿತ್ಸೆಯಿಂದ ಗುಣವಾದ ರ್‍ಯಾಟ್‌ನಂತೆಯೇ ಕಾಣುತ್ತದೆ.