ವಿಕಲಚೇತನರಿಗಾಗಿ ಸಾಧನ ರೂಪಿಸುವ ಸಣ್ಣ ಕಂಪನಿಗೆ ಸರ್ಕಾರದ ಅನುದಾನ ಸಿಗುತ್ತದೆಯೇ?

ಸಿಗುತ್ತದೆ. ಕರ್ನಾಟಕ ಸರ್ಕಾರದ ‘ಎಲಿವೇಟ್’ ಯೋಜನೆಯಡಿ ಆಯ್ಕೆಯಾದ ನವೋದ್ಯಮಕ್ಕೆ 50 ಲಕ್ಷ ರೂಪಾಯಿವರೆಗೆ ನೆರವಿದ್ದು, ಕೃತಕ ಕೈಕಾಲು, ಶ್ರವಣ ಸಾಧನಗಳಂಥ ಆರೋಗ್ಯ ಉಪಕರಣಗಳನ್ನು ಅಭಿವೃದ್ಧಿಪಡಿಸುವವರು ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ನೆರವಾಗುವ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯ ‘ಬಿಗ್’ (ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್) ಅನುದಾನಕ್ಕೂ ಅರ್ಜಿ ಹಾಕಬಹುದು. ಅದರ ಅವಧಿ 18 ತಿಂಗಳು, ಗರಿಷ್ಠ ಮೊತ್ತ 50 ಲಕ್ಷ. ಜೀವವಿಜ್ಞಾನ ನವೋದ್ಯಮಗಳಿಗೆ ನೆರವಾಗುವ ಬೆಂಗಳೂರಿನ ಸಿ-ಕ್ಯಾಂಪ್ ಅದರ ಪಾಲುದಾರ ಸಂಸ್ಥೆಗಳಲ್ಲೊಂದು. ಇವು ಸಾಲವಲ್ಲ, ಆದರೆ ಹಣ ಒಮ್ಮೆಗೇ ಕೈಸೇರದೆ, ಒಪ್ಪಿಕೊಂಡ ಹಂತಗಳು ಮುಗಿದಂತೆ ಕಂತುಗಳಲ್ಲಿ ಬರುತ್ತದೆ.

ಅರ್ಜಿಯ ಆಯವ್ಯಯದಲ್ಲಿ ಬಳಕೆದಾರರ ಪರೀಕ್ಷೆಗೆ ಪ್ರತ್ಯೇಕ ಮೊತ್ತವನ್ನು ಅವಶ್ಯ ತೋರಿಸಿ. ಕೃತಕ ಕಾಲಿನ ಬಟ್ಟಲು (ಉಳಿದ ಕಾಲಿನ ಭಾಗ ಕೂರುವ ಸಾಕೆಟ್) ಬೆವರಿಗೆ ಜಾರುತ್ತದೆಯೇ, ಚರ್ಮವನ್ನು ಉಜ್ಜುತ್ತದೆಯೇ ಎಂಬುದನ್ನು ಅದನ್ನು ದಿನವಿಡೀ ತೊಟ್ಟು ಓಡಾಡುವವರೇ ಹೇಳಬೇಕು. ಆ ಶ್ರಮಕ್ಕೆ ಅವರಿಗೆ ಸಂಭಾವನೆ ಸಲ್ಲುವುದು ನ್ಯಾಯ.